ಫೌಂಡೇಶನ್ನಿಗೆ ಕುಂಕುಮ

ಮಾದೇವಮ್ಮ ಕಾರು ಕಲಿತದ್ದು ಊರು ಸುತ್ತುವುದಕ್ಕಲ್ಲ, ಅಕ್ಕನನ್ನು ಮನೆಗೆ ಕರೆತರುವುದಕ್ಕೆ. ಸರ್ಕಾರಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಜೀವಮಾನವೆಲ್ಲ ಸೌಟು ತಿರುವಿ ನಿವೃತ್ತಳಾದ ಹೆಂಗಸು, ಅರವತ್ತರ ಹತ್ತಿರ ಬಂದು ಸ್ಟೇರಿಂಗ್ ಹಿಡಿಯುತ್ತೇನೆ ಎಂದಾಗ ಕೃಷ್ಣಮೂರ್ತಿಪುರಂನ ಆ ಅಡ್ಡರಸ್ತೆಯಲ್ಲಿ ನಗದವರಿಲ್ಲ. ಗಂಡ ಬೆಟ್ಟಯ್ಯನೇ ಎಲ್ಲರಿಗಿಂತ ಮೊದಲು ನಕ್ಕ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಹಂಡೆಗಟ್ಟಲೆ ಸಾರಿನ ಹದ ಗೊತ್ತಿದ್ದವಳಿಗೆ ಒಂದು ಕ್ಲಚ್ಚಿನ ಹದ ಎಷ್ಟರದು ಎಂದುಕೊಂಡು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಎಂಟು ಹಾಕಲಾರದೆ ಒಮ್ಮೆ ಫೇಲಾದಳು, ಮತ್ತೊಮ್ಮೆ ಫೇಲಾದಳು, ಕೊನೆಗೆ ಲೈಸೆನ್ಸ್ ತಂದು ದೇವರ ಮುಂದಿಟ್ಟಳು.

ಅಕ್ಕ ಎಂದರೆ ಇಲವಾಲದ ದೊಡ್ಡತಾಯಮ್ಮ. ತಾಯಿಯಿಲ್ಲದ ಮಾದೇವಮ್ಮನಿಗೆ ತಲೆ ಬಾಚಿದವಳು, ಮುದ್ದೆ ನುಂಗಲು ಕಲಿಸಿದವಳು, ಮದುವೆ ಮಾಡಿ ಕಳಿಸಿದವಳು. ಇಲವಾಲವೇನು ಕಾಶಿಯಲ್ಲ, ಹುಣಸೂರು ರಸ್ತೆ ಹಿಡಿದರೆ ಹಾಕಿಕೊಂಡ ಎಲೆಯಡಿಕೆ ಬಾಯಲ್ಲಿರುವಾಗಲೇ ಸಿಕ್ಕುವ ಊರು. ಆದರೂ ದೊಡ್ಡತಾಯಮ್ಮ ಇವತ್ತಿನವರೆಗೆ ತಂಗಿಯ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಬಸ್ಸಾಗಲಿ ಕಾರಾಗಲಿ, ಹತ್ತಿ ಕೂತರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಗೃಹಪ್ರವೇಶದ ದಿನ ವ್ಯಾನು ಹತ್ತಿದವಳು ಹಿನಕಲ್ ಮುಟ್ಟುವಷ್ಟರಲ್ಲಿ ಸೀರೆ ಕೆಡಿಸಿಕೊಂಡು, ವ್ಯಾನಿನಲ್ಲಿದ್ದವರ ಮುಖ ನೋಡಲಾರದೆ ಅಲ್ಲೇ ಇಳಿದು ನಡೆದುಕೊಂಡೇ ಊರಿಗೆ ವಾಪಸಾಗಿದ್ದಳು. ಅಲ್ಲಿಂದಾಚೆಗೆ ಯಾವ ಹಬ್ಬಕ್ಕೂ ಬರಲಿಲ್ಲ. ತಂಗಿಯೇ ಹೋಗಿ ಬರುತ್ತಿದ್ದಳು.

ನೆಂಟರ ಬಾಯಿಗೆ ಬೀಗ ಹಾಕುವವರು ಯಾರು? ತಂಗಿ ಪೇಟೆಯಲ್ಲಿ ಮನೆ ಮಾಡಿದಳೆಂದು ಅಕ್ಕನಿಗೆ ಹೊಟ್ಟೆಯುರಿ, ವಾಂತಿ ಎನ್ನುವುದೆಲ್ಲ ನೆಪ ಎಂದು ಮದುವೆ ಮನೆಗಳಲ್ಲಿ ಪಿಸುಗುಟ್ಟುತ್ತಿದ್ದರು. ಮಾದೇವಮ್ಮ ಅದನ್ನು ನಂಬಿದವಳಲ್ಲ. ಆದರೂ ಹಬ್ಬದ ದಿನ ಒಬ್ಬಟ್ಟು ತಟ್ಟುವಾಗ ಆ ಮಾತು ನೆನಪಾಗಿ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ತನ್ನ ಮನೆಯಲ್ಲಿ, ತನ್ನ ಕೈಯಾರೆ, ಅಕ್ಕನಿಗೆ ಒಂದು ಎಲೆ ಹಾಕಿ ಬಡಿಸಬೇಕು. ಬೇರೆ ಆಸೆ ಅವಳಿಗೆ ಉಳಿದಿರಲಿಲ್ಲ.

ನವರಾತ್ರಿಗೆ ಮುಂಚೆ ಒಂದು ದಿನ ಧೈರ್ಯ ಮಾಡಿ ಕೆಂಪು ಕಾರನ್ನು ಇಲವಾಲಕ್ಕೆ ಓಡಿಸಿಕೊಂಡು ಹೋದಳು. ಅದು ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದ ಮಗ ವಿಜಯ್‌ಕುಮಾರ್ ಯಾರಿಂದಲೋ ಕೊಂಡ ಹಳೆಯ ಸಣ್ಣ ಕಾರು. ತಂಗಿ ತಾನೇ ಕಾರು ಬಿಟ್ಟುಕೊಂಡು ಬಂದದ್ದನ್ನು ಕಂಡು ದೊಡ್ಡತಾಯಮ್ಮ ಅಂಗಳದಲ್ಲೇ ದೃಷ್ಟಿ ತೆಗೆದಳು. "ನಿನ್ ಕೈಯಲ್ಲಿ ಓಡುದ್ರೆ ಒಟ್ಟೆ ಸುಮ್ಕಿರ್ತದೇನೋ" ಎಂದು ಹತ್ತಿಯೂ ಕೂತಳು. ಆದರೆ ಆ ಕಾರಿಗೆ ಬಿಕ್ಕಳಿಕೆ ಇತ್ತು. ಕ್ಲಚ್ ಬಿಟ್ಟರೆ ಮುಂದಕ್ಕೊಂದು ಜಗ್ಗು, ಗೇರ್ ಬದಲಿಸಿದರೆ ಹಿಂದಕ್ಕೊಂದು ಜಗ್ಗು. ಹುಣಸೂರು ರಸ್ತೆ ಕಣ್ಣಿಗೆ ಬೀಳುವುದಕ್ಕೂ ಮೊದಲೇ ದೊಡ್ಡತಾಯಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

ಕೆಳಗಿಳಿದು ಕಲ್ಲೊಂದರ ಮೇಲೆ ಕೂತು, ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿನ್ ತಪ್ಪಲ್ಲ ಕಣೆ ಮಾದೇವಿ. ನನ್ ಒಟ್ಟೆ ತಪ್ಪು."

"ಇನ್ನೊಂದು ಸಲ ನೋಡನ ಅಕ್ಕ. ನಿಧಾನಕ್ಕೆ ಓಡಿಸ್ತೀನಿ."

"ವಿಜಯದಸಮಿಗೆ ಬಾ. ಒಂದೇ ಒಂದು ಕಿತ ನೋಡ್ತೀನಿ. ಅವತ್ತೂ ಇಂಗೇ ಆದ್ರೆ ಇನ್ನ ಕರೀಬ್ಯಾಡ. ನೀ ಕರಿಯೋದು, ನಾ ಕಕ್ಕೋದು, ನೋಡ್ದೋರು ನಗೋದು. ಸಾಕು ಬುಡು."

ಮಾದೇವಮ್ಮ ಮನೆಗೆ ಬಂದು ಕಾರಿನ ಬಾಗಿಲನ್ನು ದಡಾರೆಂದು ಹಾಕಿದಳು. ಆ ಸದ್ದಿಗೆ ಸೊಸೆ ಸುಷ್ಮಿತಾ ಹೊರಗೆ ಬಂದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಈ ಹುಡುಗಿಗೆ ಒಂದು ಚಾಳಿ: ಕೆಟ್ಟದ್ದನ್ನು ಬಿಚ್ಚದೆ ಇರಲಾರಳು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆಯ ಮಿಕ್ಸಿ ಬಿಚ್ಚಿ, ಅತ್ತೆಯ ಜೀವ ಬಾಯಿಗೆ ತರಿಸಿ, ಮತ್ತೆ ಜೋಡಿಸಿ ಕೊಟ್ಟಿದ್ದಳು. ಅವತ್ತಿನಿಂದ ಅತ್ತೆ ಸೊಸೆ ಒಂದೇ ಪಕ್ಷ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಗಾದೆಗೆ ಆ ಮನೆಯಲ್ಲಿ ಕೆಲಸವಿರಲಿಲ್ಲ.

ಸುಷ್ಮಿತಾ ಬಾನೆಟ್ ಎತ್ತಿ ನಿಲ್ಲಿಸಿ, ಅತ್ತೆಯನ್ನು ಒಳಗೆ ಕೂರಿಸಿ, ಬ್ರೇಕ್ ಒತ್ತಿಕೊಂಡೇ ಕ್ಲಚ್ಚನ್ನು ಮೆಲ್ಲಗೆ ಬಿಡಲು ಹೇಳಿದಳು. ಇಂಜಿನ್ನು ತಾನಿದ್ದಲ್ಲೇ ಎದ್ದು ಕುಣಿದು ಕೂತಿತು.

"ನಿಮ್ಮ ಕಾಲಿಂದು ತಪ್ಪಿಲ್ಲ ಅತ್ತೆ. ಫೌಂಡೇಶನ್ನಿಂದು."

"ಮನೆಗಿರ್ತದಲ್ಲ, ಅದಾ?"

"ಇಂಜಿನ್ನಿಗೂ ಇರುತ್ತೆ. ಇಂಜಿನ್ನು ನೇರವಾಗಿ ಕಾರಿನ ಮೈ ಮೇಲೆ ಕೂತಿರಲ್ಲ, ಮಧ್ಯೆ ಕಬ್ಬಿಣದ ಬಳೆ ಒಳಗೆ ರಬ್ಬರ್ ಇಟ್ಟು ಕೂರಿಸಿರ್ತಾರೆ. ಮೆಕ್ಯಾನಿಕ್‌ಗಳು ಅದಕ್ಕೇ ಫೌಂಡೇಶನ್ ಅನ್ನೋದು. ಇಲ್ಲಿ ನೋಡಿ, ರಬ್ಬರ್ ಮೆತ್ತಗಾಗಿ ಹೋಗಿದೆ. ನೀವು ಕ್ಲಚ್ ಬಿಟ್ಟ ತಕ್ಷಣ ಮೊದಲು ಇಂಜಿನ್ ಹಾರುತ್ತೆ, ಆಮೇಲೆ ಕಾರು ಹೊರಡುತ್ತೆ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ಇಂಥದ್ದನ್ನು ನೋಡಿಯೇ ಇರಬೇಕು. ಮಾದೇವಮ್ಮನಿಗೆ ವಿಷಯ ತಕ್ಷಣ ತಿಳಿಯಿತು. ಹೊಸ ಫೌಂಡೇಶನ್ ಕೇಳಿದರೆ ಬಿಡಿಭಾಗದ ಅಂಗಡಿಯವನು ದಸರಾ ಕಳೆದ ಮೇಲೆ ಬರುತ್ತದೆ ಎಂದ. ಮೆಕ್ಯಾನಿಕ್ಕೂ ಅದನ್ನೇ ಅಂದ. ಆ ತಿಂಗಳಲ್ಲಿ ಮೈಸೂರಿನಲ್ಲಿ ಏನು ಕೇಳಿದರೂ ದಸರಾ ಕಳೆಯಲಿ ಎನ್ನುವುದೇ ಉತ್ತರ. ಮಗನಿಗೆ ಫೋನ್ ಮಾಡಿದರೆ ಬಂದೋಬಸ್ತ್ ಡ್ಯೂಟಿಯಲ್ಲಿದ್ದ ವಿಜಯ್‌ಕುಮಾರ್, "ಅಂಬಾರಿ ಇಳಿಸೋವರೆಗೂ ನಾನು ನಿನ್ನ ಮಗ ಅಲ್ಲ ಕಣಮ್ಮ, ಸರ್ಕಾರದ ಮಗ" ಎಂದು ಫೋನ್ ಇಟ್ಟ.

ಉಪಾಯ ಹುಡುಕಿದ್ದು ಸುಷ್ಮಿತಾ. ಕಾರಿನ ಮುಂದಿನ ಗಾಜನ್ನು ಕೂರಿಸುವ ಕಪ್ಪು ಪೇಸ್ಟ್ ಒಂದಿದೆ. ಒಣಗಿದರೆ ಗಟ್ಟಿ ರಬ್ಬರಾಗುತ್ತದೆ. ಹಳೆಯ ಫೌಂಡೇಶನ್ನಿನ ರಬ್ಬರಿನಲ್ಲಿರುವ ತೂತುಗಳಿಗೆ ಅದನ್ನು ತುಂಬಿ ಒಣಗಿಸಿದರೆ ಇಂಜಿನ್ನು ಹೇಳಿದ ಮಾತು ಕೇಳಿಕೊಂಡು ಕೂತಿರುತ್ತದೆ. ವಿಡಿಯೊದಲ್ಲಿ ಯಾರೋ ಮನೆಯಲ್ಲೇ ಮಾಡಿದ್ದನ್ನು ನೋಡಿದ್ದಳು. ಬನ್ನಿಮಂಟಪದ ಹತ್ತಿರ ಗಾಜು ಕೂರಿಸುವವನೊಬ್ಬನಿಂದ ಪೇಸ್ಟಿನ ಕೊಳವೆಯನ್ನೂ ಅದನ್ನು ಒತ್ತುವ ಗನ್ನನ್ನೂ ತಂದಳು.

ಇನ್ನು ಸ್ಪ್ಯಾನರು, ಜಾಕಿ. ಅವೆಲ್ಲ ಬೆಟ್ಟಯ್ಯನವು. ಗಿರಣಿಯೊಂದರ ಸ್ಟೋರ್ ಕೀಪರ್ ಆಗಿ ನಿವೃತ್ತನಾದ ಮನುಷ್ಯ, ತನ್ನ ಸ್ಪ್ಯಾನರುಗಳನ್ನು ಹೆಂಡತಿಯ ಒಡವೆಗಿಂತ ಜೋಪಾನ ಮಾಡಿದವನು. "ಕೊಡೋದು ಕೊಡ್ತೀನಿ. ಆದ್ರೆ ಎಣಿಸಿ ಕೊಡ್ತೀನಿ, ಎಣಿಸಿ ತಗೋತೀನಿ" ಎಂದು ಒಂದೊಂದಾಗಿ ಸೊಸೆಯ ಕೈಗಿಟ್ಟ. ಆಮೇಲೆ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಪಂಚಾಯ್ತಿಗೆ ಕೂತ.

ಮನೆಯ ಪಕ್ಕದ ಓಣಿಯಲ್ಲಿ ಕೆಲಸ ಶುರುವಾಯಿತು. ಇಂಜಿನ್ನಿನ ಅಡಿಗೆ ಹಲಗೆ ಕೊಟ್ಟು ಜಾಕಿ ಏರಿಸಿ, ಅದರ ಭಾರ ಫೌಂಡೇಶನ್ನಿನ ಮೇಲೆ ಬೀಳದಂತೆ ಮಾಡಿದರು. ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸುಷ್ಮಿತಾ ಸ್ಪ್ಯಾನರಿಗೆ ಒಂದು ಪೈಪ್ ಸಿಕ್ಕಿಸಿದಳು. ಅತ್ತೆ ಸೊಸೆ ಇಬ್ಬರೂ ಸೇರಿ ಅದಕ್ಕೆ ಜೋತುಬಿದ್ದರು. ಬೋಲ್ಟು ಟಕ್ಕೆಂದು ಸಡಿಲಾದ ಹೊಡೆತಕ್ಕೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಬಿದ್ದಲ್ಲಿಂದ ಏಳಲಾರದಷ್ಟು ನಕ್ಕರು. ಆಚೆ ಮನೆಯ ಸುಮಿತ್ರಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ ಮಾದೇವಮ್ಮ, ಗ್ಯಾರೇಜ್ ಇಟ್ಬುಟ್ರಾ?" ಎಂದಳು. "ಹೂಂ ಕಣ್ರೀ, ನಿಮ್ ಸ್ಕೂಟರ್ ಕಳಿಸಿ, ಹಬ್ಬಕ್ಕೆ ರಿಯಾಯ್ತಿ ಅದೆ" ಎಂದಳು ಮಾದೇವಮ್ಮ.

ಎಡಬಲದ ಎರಡು ಫೌಂಡೇಶನ್ ಹೊರಗೆ ಬಂದವು. ಗ್ರೀಸು ಮಣ್ಣು ತೊಳೆದು, ಒಣಗಿಸಿ, ಒಂದು ಮಗ್ಗುಲಿಗೆ ಟೇಪು ಅಂಟಿಸಿದರು. ಪೇಸ್ಟಿನ ಗನ್ ಹಿಡಿದು ನೋಡಿದ ಮಾದೇವಮ್ಮ, ಇದು ಚಕ್ಕುಲಿ ಒರಳಿನ ಅಣ್ಣತಮ್ಮ, ನನ್ನ ಕೈಗೆ ಕೊಡು ಎಂದು ಇಸಿದುಕೊಂಡಳು. ಸುಷ್ಮಿತಾ ಎಚ್ಚರಿಸಿದಳು: "ಅತ್ತೆ, ಪಕ್ಕದ ತೂತು ಮಾತ್ರ ತುಂಬಿ. ನಡುವಿಂದು ಖಾಲಿ ಇರಬೇಕು. ಅದನ್ನೂ ತುಂಬಿದ್ರೆ ಇಂಜಿನ್ನಿನ ನಡುಕ ಎಲ್ಲ ನಮ್ಮ ಮೈಗೇ ಬರುತ್ತೆ."

ಅಷ್ಟರಲ್ಲಿ ಸೊಸೆಗೆ ಸ್ಕೂಲಿನಿಂದ ಫೋನ್ ಬಂದು ಒಳಗೆ ಹೋದಳು. ಮಾದೇವಮ್ಮ ಪಕ್ಕದ ತೂತುಗಳನ್ನು ತುಂಬಿದಳು. ನಡುವಿನದನ್ನು ನೋಡಿದಳು. ಅದು ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿತ್ತು. ಉಣ್ಣಲು ಕೂತ ಹುಡುಗರ ತಟ್ಟೆಯಲ್ಲಿ ಜೀವಮಾನದಲ್ಲಿ ಜಾಗ ಖಾಲಿ ಬಿಟ್ಟ ಹೆಂಗಸಲ್ಲ ಅವಳು. ಸೊಸೆ ವಾಪಸು ಬರುವುದರೊಳಗೆ ಎರಡೂ ಫೌಂಡೇಶನ್ನುಗಳು ಅಂಚಿನವರೆಗೆ ತುಂಬಿ, ಮೇಲೆ ಬೆರಳಿನಿಂದ ನುಣ್ಣಗೆ ಸವರಿಸಿಕೊಂಡು ಕೂತಿದ್ದವು.

"ಅಯ್ಯೋ ಅತ್ತೆ! ನಡುವೆ ಬಿಡಿ ಅಂದಿರಲಿಲ್ವಾ?"

"ಹೂರಣ ಕಮ್ಮಿ ಇಟ್ರೆ ಅದೂ ಒಂದು ಒಬ್ಬಟ್ಟಾ? ಇರ್ಲಿ ಬುಡು ಮಗಾ, ಗಟ್ಟಿ ಇರ್ತದಲ್ಲ."

ಕಿತ್ತು ಮತ್ತೆ ತುಂಬಲು ಪೇಸ್ಟ್ ಉಳಿದಿರಲಿಲ್ಲ. ಸುಷ್ಮಿತಾ ತಲೆ ಚಚ್ಚಿಕೊಂಡು ಅವೆರಡನ್ನೂ ಒಣಗಲು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಗಟ್ಟಿಯಾಗಲು ಕೆಲವು ದಿನ ಬೇಕು. ಆಯುಧ ಪೂಜೆಯ ಬೆಳಿಗ್ಗೆ ಜೋಡಿಸುವುದು, ಸಂಜೆ ಒಂದು ಸುತ್ತು ಓಡಿಸಿ ನೋಡುವುದು, ಮರುದಿನ ವಿಜಯದಶಮಿಗೆ ಅಕ್ಕನನ್ನು ಕರೆತರುವುದು. ಲೆಕ್ಕದ ಮೇಡಂ ಹಾಕಿದ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದು ಅತ್ತೆಯ ಕುಂಕುಮದ ಬಟ್ಟಲಲ್ಲಿ.

ಆಯುಧ ಪೂಜೆಯ ದಿನ ಮಾದೇವಮ್ಮ ಎಲ್ಲರಿಗಿಂತ ಮೊದಲೆದ್ದು ಮಿಂದು ಮಡಿಯುಟ್ಟಿದ್ದಳು. ಬೆಟ್ಟಯ್ಯ ಸ್ಪ್ಯಾನರುಗಳನ್ನು ತೊಳೆದು ಒರೆಸಿ, ಬಾಳೆ ಎಲೆಯ ಮೇಲೆ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಜೋಡಿಸಿದ. ಅವಳು ಹಿಂದಿನಿಂದ ವಿಭೂತಿ ಬಳಿದು ಕುಂಕುಮ ಇಡುತ್ತ ಬಂದಳು. ಸ್ಪ್ಯಾನರಿಗೆ, ಸುತ್ತಿಗೆಗೆ, ಕತ್ತರಿಗೆ, ಈಳಿಗೆಮಣೆಗೆ, ಹೊಲಿಗೆ ಯಂತ್ರಕ್ಕೆ, ಸೊಸೆ ಪಾಠ ಮಾಡುವ ಲ್ಯಾಪ್‌ಟಾಪಿಗೆ. ಕೈಗೆ ಒಂದು ಲಯ ಹತ್ತಿಬಿಟ್ಟಿತು. ಕಬ್ಬಿಣದ್ದು ಏನು ಕಂಡರೂ ಅದಕ್ಕೊಂದು ಬೊಟ್ಟು, ಒಂದು ಚೆಂಡುಹೂವು. ಕಿಟಕಿಯ ಕಟ್ಟೆಯ ಮೇಲಿದ್ದ ಎರಡು ಗುಂಡನೆಯ ಸಾಮಾನನ್ನೂ ತಂದು, ಹಣೆಗೆ ಬೊಟ್ಟಿಟ್ಟು, ಚಾಮುಂಡಮ್ಮನ ಪಟದ ಮುಂದೆ ಕೂರಿಸಿದಳು. ಬೆಟ್ಟಯ್ಯ ಗಂಟೆ ಬಾರಿಸಿ ಮಂಗಳಾರತಿ ಎತ್ತಿದ.

ತಲೆಗೆ ಟವೆಲ್ ಸುತ್ತಿಕೊಂಡು ಬಂದ ಸುಷ್ಮಿತಾ ಆರತಿ ತೆಗೆದುಕೊಂಡು ಕೇಳಿದಳು: "ಅತ್ತೆ, ಫೌಂಡೇಶನ್ ಎಲ್ಲಿ?"

ಮಾದೇವಮ್ಮ ಹೆಮ್ಮೆಯಿಂದ ಪಟದ ಕಡೆ ಕೈ ತೋರಿಸಿದಳು. ಆ ಕೈ ಹಾಗೇ ಗಲ್ಲಕ್ಕೆ ಬಂತು.

"ಅಯ್ಯೋ ಶಿವನೇ! ಪೂಜೆಗಿಟ್ಬುಟ್ನಲ್ಲೇ!"

ಪೂಜೆಗಿಟ್ಟ ಆಯುಧವನ್ನು ಮರುದಿನ ಪೂಜೆ ಮಾಡಿ ಎತ್ತುವ ತನಕ ಮುಟ್ಟುವಂತಿಲ್ಲ. ಆ ಮನೆಯಲ್ಲಿ ಅದಕ್ಕೆ ಎದುರು ಮಾತಿಲ್ಲ. ಆದರೂ ಸುಷ್ಮಿತಾ ಮಾವನ ಮುಂದೆ ಹೋಗಿ ನಿಂತಳು.

"ಮಾವ, ಫೌಂಡೇಶನ್ನೂ ಒಂದೇ ಒಂದು ಹದಿನಾಲ್ಕು ನಂಬರ್ ಸ್ಪ್ಯಾನರೂ ತಗೋತೀನಿ. ದೇವರಿಗೆ ಕೈ ಮುಗಿದು ತಗೋತೀನಿ."

"ಸರಸ್ವತಿ ಮುಂದೆ ಇಟ್ಟ ಪುಸ್ತಕಾನ, ಒಂದೇ ಒಂದು ಹಾಳೆ ಓದ್ಕೊಂಡು ಇಡ್ತೀನಿ ಅಂತ ನಿನ್ ಸ್ಕೂಲ್ ಮಕ್ಳು ಕೇಳಿದ್ರೆ ಬುಡ್ತೀಯೇನಮ್ಮ? ವರ್ಷವೆಲ್ಲ ದುಡಿದವೆ, ಇವತ್ತೊಂದಿನ ಸುಮ್ನೆ ಕೂತ್ಕೊಳ್ಳಲಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಬೆಟ್ಟಯ್ಯ ಆ ಪೈಕಿ. ಹೋಗಲಿ, ಬೇರೆ ಯಾರಿಂದಲಾದರೂ ಸ್ಪ್ಯಾನರ್ ತರೋಣವೆಂದರೆ ಅವತ್ತು ಮೈಸೂರಿನಲ್ಲಿ ಕುಂಕುಮ ಇಟ್ಟುಕೊಳ್ಳದ ಸ್ಪ್ಯಾನರ್ ಇರಲಿಲ್ಲ. ಸುಮಿತ್ರಮ್ಮನ ಮನೆಯವು ದೇವರ ಕೋಣೆಯಲ್ಲಿದ್ದವು. ಮೂಲೆಯ ಪಂಕ್ಚರ್ ಅಂಗಡಿಯವನು ಕಂಪ್ರೆಸರಿಗೆ ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದು ಬಾಗಿಲೆಳೆದಿದ್ದ. ಮೆಕ್ಯಾನಿಕ್ ಫೋನಿನಲ್ಲಿ ನಕ್ಕೇ ನಕ್ಕ. ಅವನ ಗ್ಯಾರೇಜಿನ ಲಿಫ್ಟಿಗೂ ಬಾಳೆಕಂದು ಕಟ್ಟಿತ್ತಂತೆ. ಇನ್ನು ಸ್ಪ್ಯಾನರ್ ಸಿಕ್ಕಿದ್ದರೂ ಪಟದ ಮುಂದೆ ಕೂತ ಫೌಂಡೇಶನ್ನನ್ನು ಎಬ್ಬಿಸುವವರು ಯಾರು? ಇಂಜಿನ್ನನ್ನು ಜಾಕಿಯ ಮೇಲೆ ಹೊತ್ತುಕೊಂಡು ನಿಂತಿದ್ದ ಕಾರಿಗೂ ಬೆಟ್ಟಯ್ಯ ಹಾರ ಹಾಕಿದ. ಜಾಕಿಗೂ ಅದಿದ್ದಲ್ಲೇ ಒಂದು ಬೊಟ್ಟಿಟ್ಟ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಮುಂದಕ್ಕೆ ತೆಗೆಯಲು ಬಾರದ ಕಾರಿನ ಮುಂದೆ ಪೆಚ್ಚಾಗಿ ನಿಂತ. ಅವನ ಮುಖ ನೋಡಿ ಸುಷ್ಮಿತಾಗೆ ಸಿಟ್ಟೆಲ್ಲ ಇಳಿದು ನಗು ಬಂತು.

ಮಾದೇವಮ್ಮನಿಗೆ ಮಾತ್ರ ನಗು ಬರಲಿಲ್ಲ. ಮಾಡಿದವಳು ತಾನೇ. ಯಾರನ್ನು ಬೈಯಬೇಕು? ಸಂಜೆ ಇಲವಾಲದಿಂದ ಫೋನ್ ಬಂತು.

"ನಾಳೆ ಎಷ್ಟೊತ್ಗೆ ಬತ್ತೀಯೆ? ನಾನು ಬೆಳಿಗ್ಗೆಯಿಂದ್ಲೂ ಏನೂ ತಿಂದಿಲ್ಲ. ಒಟ್ಟೆ ಖಾಲಿ ಇದ್ರೆ ಸುಮ್ಕಿರ್ತದೇನೋ ನೋಡನ. ನಿಂಬೆಹಣ್ಣೂ ಮಡಿಕಂಡಿವ್ನಿ."

ಅಕ್ಕನಿಗೂ ಬರುವ ಆಸೆ ತನ್ನಷ್ಟೇ ಇದೆ ಎಂದು ಮಾದೇವಮ್ಮನಿಗೆ ಅವತ್ತು ಗೊತ್ತಾಯಿತು. ಗೊತ್ತಾಗಿ ಇನ್ನಷ್ಟು ಸಂಕಟವಾಯಿತು. "ಮಧ್ಯಾಹ್ನದೊಳಗೆ ಬಂದ್ಬುಡ್ತೀನಿ ಅಕ್ಕ" ಎಂದು ಫೋನ್ ಇಟ್ಟವಳು, ಬೇಳೆ ನೆನೆಹಾಕುತ್ತ ಚಾಮುಂಡಮ್ಮನ ಜೊತೆ ಗಟ್ಟಿಯಾಗಿಯೇ ಜಗಳವಾಡಿದಳು. ಒಳಕೋಣೆಯಲ್ಲಿದ್ದ ಬೆಟ್ಟಯ್ಯನಿಗೆ ಅದು ಕೇಳಿಸಿತು. ಅವನಿಗೆ ಕೇಳಿಸಲಿ ಎಂದೇ ಅವಳೂ ಗಟ್ಟಿಯಾಗಿ ಆಡಿದ್ದು.

ವಿಜಯದಶಮಿಯ ದಿನ ಮಾದೇವಮ್ಮ ಕಣ್ಣು ಬಿಡುವ ಹೊತ್ತಿಗೆ ಮನೆಯಲ್ಲಿ ಗಂಟೆಯ ಸದ್ದು. ಬೆಟ್ಟಯ್ಯ ಆಗಲೇ ಮಿಂದು, ಪೂಜೆ ಮುಗಿಸಿ, ತೆಂಗಿನಕಾಯಿ ಒಡೆದಿದ್ದ. ಅವನು ಹಬ್ಬದ ದಿನ ಇಷ್ಟು ಬೇಗ ಎದ್ದದ್ದನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ. "ಎತ್ಕೊಳ್ರವ್ವ ನಿಮ್ಮ ಆಯುಧಾನ" ಎಂದವನೇ ಪಂಚೆ ಎತ್ತಿಕಟ್ಟಿ, ಎಣಿಸದೆ ಸ್ಪ್ಯಾನರುಗಳನ್ನು ಬಾಚಿಕೊಂಡು ತಾನೇ ಓಣಿಗೆ ನಡೆದ. ಬಿಚ್ಚುವಾಗ ಜಗಲಿಯಿಂದ ಪಂಚಾಯ್ತಿ ಮಾಡಿದವನು ಜೋಡಿಸುವಾಗ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿಕೊಂಡು ನಿಂತ. ಪೇಸ್ಟ್ ಇನ್ನೂ ಒಂದು ದಿನ ಒಣಗಿ ಕಲ್ಲಾಗಿತ್ತು. ಹಣೆಯ ಬೊಟ್ಟು ಒರೆಸಲು ಯಾರಿಗೂ ಪುರುಸೊತ್ತಿರಲಿಲ್ಲ. ಕುಂಕುಮದ ಸಮೇತ ಫೌಂಡೇಶನ್ನುಗಳು ಹೋಗಿ ತಮ್ಮ ಜಾಗದಲ್ಲಿ ಕೂತವು.

ಮಾದೇವಮ್ಮ ಕೈಮುಗಿದು ಕೀಲಿ ತಿರುಗಿಸಿದಳು.

ಗಡಗಡಗಡಗಡ. ಕನ್ನಡಿ ನಡುಗಿತು. ಬಾಗಿಲು ನಡುಗಿತು. ಸೀಟು ನಡುಗಿತು. ಕೈಯ ಬಳೆಗಳು ತಮ್ಮಷ್ಟಕ್ಕೆ ಗಲಗಲ ಅಂದವು. ಮಾತಾಡಲು ಬಾಯಿ ತೆಗೆದರೆ ಮಾತೂ ನಡುಗಿತು.

"ಇದೇ... ಏ... ನೇ... ಇದು?"

"ನಡುವೆ ಬಿಡಿ ಅಂದಿದ್ದೆ" ಎಂದಳು ಸುಷ್ಮಿತಾ.

ಮುಂದಕ್ಕೆ ತೆಗೆದಾಗ ನಿಂಬೆಹಣ್ಣುಗಳು ಚಪ್ಪೆಂದವು. ಕಾರು ಜಗ್ಗಲಿಲ್ಲ, ಬಿಕ್ಕಲಿಲ್ಲ, ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ ಹೊರಟಿತು. ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬಿತ್ತು. ಆದರೆ ಆ ನಡುಕ! ಜಗ್ಗಿದ್ದಕ್ಕೇ ವಾಂತಿ ಮಾಡಿದವಳು ಈ ನಡುಕಕ್ಕೆ ಏನು ಮಾಡಬಹುದು? ಬೋಗಾದಿಯ ಕಡೆಯಿಂದ ರಿಂಗ್ ರೋಡ್ ಹತ್ತಿ ಇಲವಾಲ ಮುಟ್ಟುವವರೆಗೂ ಮಾದೇವಮ್ಮ ಅಕ್ಕನಿಗೆ ಹೇಳಬೇಕಾದ ಸಮಾಧಾನದ ಮಾತನ್ನೇ ಹುಡುಕುತ್ತಿದ್ದಳು. ಹಿಂದಿನ ಸೀಟಿನಲ್ಲಿ ಸುಷ್ಮಿತಾ ಪ್ಲಾಸ್ಟಿಕ್ ಕವರ್, ನೀರು, ಟವೆಲ್ ಇಟ್ಟುಕೊಂಡು ಹೆರಿಗೆಗೆ ಹೊರಟ ದಾದಿಯಂತೆ ಕೂತಿದ್ದಳು.

ದೊಡ್ಡತಾಯಮ್ಮ ಹಟ್ಟಿ ಬಾಗಿಲಲ್ಲೇ ಕಾಯುತ್ತಿದ್ದಳು. ರೇಷ್ಮೆ ಸೀರೆ ಉಟ್ಟು, ಮಡಿಲಿಗೆ ಹಳೆಯ ಟವೆಲ್ ಹಾಸಿಕೊಂಡು, ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಕಣ್ಣು ಮುಚ್ಚಿದಳು. "ನಡಿ" ಎಂದಳು, ಹೋಮಕುಂಡಕ್ಕೆ ಹಾರುವವಳ ಹಾಗೆ.

ಗಡಗಡಗಡ. ಹೋದ ಸಲ ಕೂತಿದ್ದ ಕಲ್ಲು ಹಿಂದೆ ಹೋಯಿತು. ಅಕ್ಕ ಕಣ್ಣು ತೆರೆಯಲಿಲ್ಲ. ಹುಣಸೂರು ರಸ್ತೆ ಬಂತು. ಅಕ್ಕ ತುಟಿ ಬಿಚ್ಚಲಿಲ್ಲ. ಹೇಗಿದೆ ಎಂದು ಕೇಳುವ ಧೈರ್ಯ ಮಾದೇವಮ್ಮನಿಗಿಲ್ಲ. ಕೇಳಿದರೆ ಅದೇ ನೆಪವಾಗಿ ಹೊಟ್ಟೆ ನೆನಪಾದೀತು. ಹಿನಕಲ್ ಹತ್ತಿರವಾಯಿತು. ಗೃಹಪ್ರವೇಶದ ದಿನ ಅಕ್ಕ ವ್ಯಾನಿನಿಂದ ಇಳಿದಿದ್ದು ಅಲ್ಲೇ. ನಿಲ್ಲಿಸಬೇಕಾಗಿ ಬಂದರೆ ಇರಲಿ ಎಂದು ಮಾದೇವಮ್ಮ ಕಾರನ್ನು ರಸ್ತೆಯ ಅಂಚಿಗೆ ತಂದಳು.

ದೊಡ್ಡತಾಯಮ್ಮ ಬಾಯಿ ತೆರೆದಳು. ಸುಷ್ಮಿತಾ ಹಿಂದಿನಿಂದ ಮಿಂಚಿನಂತೆ ಕವರನ್ನು ಅವಳ ಗದ್ದದ ಕೆಳಗೆ ಹಿಡಿದಳು.

"ಇದ್ಯಾಕವ್ವ ಕವರು?" ಎಂದಳು ದೊಡ್ಡತಾಯಮ್ಮ ಕಣ್ಣು ಬಿಟ್ಟು. "ಮಾದೇವಿ, ಇದು ಟ್ಯಾಕ್ಟರ್ ಇದ್ದಂಗದೆ ಕಣೆ!"

"ಏನಕ್ಕ?"

"ಗದ್ದೆಗೆ ಓಗೋವಾಗ ನಮ್ ಹುಡುಗನ ಟ್ಯಾಕ್ಟರಲ್ಲಿ ಕುಂತ್ಕತೀನಲ್ಲ, ಇಂಗೇ ಗಡಗಡ ಅಂತದೆ. ಅದ್ರಲ್ಲಿ ಒಂದಿನಾನೂ ವಾಂತಿ ಬಂದಿಲ್ಲ. ನಿಮ್ ಮೆತ್ತನೆ ಕಾರು, ಮೆತ್ತನೆ ಬಸ್ಸು, ಅವೆಲ್ಲ ತೊಟ್ಲು ತೂಗ್ದಂಗೆ ತೂಗ್ತವಲ್ಲ, ಅದಕ್ಕೇ ಒಟ್ಟೆ ತೊಳಸೋದು. ಇದು ಆಳು ಕಣೆ, ಗಟ್ಟಿ ಆಳು!"

"ಮೊದ್ಲೇ ಹೇಳಿದ್ರೆ ಟ್ರ್ಯಾಕ್ಟರಲ್ಲೇ ಕರ್ಕೊಂಡ್ ಬತ್ತಿರ್ಲಿಲ್ವಾ ಅಕ್ಕ!"

"ಟ್ಯಾಕ್ಟರಲ್ಲಿ ತಂದು ಇಳ್ಸಕ್ಕೆ ನಾನೇನು ಕಬ್ಬಾ?"

ಮಾದೇವಮ್ಮನಿಗೆ ನಗು ತಡೆಯಲಾಗದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾರು ನಿಂತಲ್ಲೇ ನಡುಗುತ್ತ ಅವರ ನಗುವನ್ನೂ ನಡುಗಿಸಿತು. ಅಲ್ಲಿಂದ ಮುಂದೆ ದೊಡ್ಡತಾಯಮ್ಮ ನಿಂಬೆಹಣ್ಣನ್ನು ಕಿಟಕಿಯಿಂದಾಚೆ ಎಸೆದು ಸೋಬಾನೆ ಪದ ಶುರು ಮಾಡಿದಳು. ಪ್ರತಿ ಅಕ್ಷರಕ್ಕೂ ನಾಲ್ಕು ಗಮಕ ತಾನಾಗಿ ಬರುತ್ತಿತ್ತು. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಪಕ್ಕದ ಆಟೊದವನು ಬಗ್ಗಿ ನೋಡಿದ. ಅವಳು ಅವನಿಗೂ ಒಂದು ನುಡಿ ಹೇಳಿದಳು.

ಮನೆಯ ಮುಂದೆ ಬೆಟ್ಟಯ್ಯ ಆರತಿ ತಟ್ಟೆ ಹಿಡಿದು ನಿಂತಿದ್ದ. "ಬನ್ನಿ ಅತ್ತಿಗೆ, ಬನ್ನಿ" ಎಂದ. ದೊಡ್ಡತಾಯಮ್ಮ ಬಲಗಾಲಿಟ್ಟು ಒಳಗೆ ಬಂದಳು. ಮಾದೇವಮ್ಮ ಎಲೆ ಹಾಕಿದಳು. ಕೋಸಂಬರಿ, ಪಲ್ಯ, ಚಿತ್ರಾನ್ನ, ಒಬ್ಬಟ್ಟು, ಒಬ್ಬಟ್ಟಿನ ಸಾರು. ಬಡಿಸುತ್ತ ಬಡಿಸುತ್ತ ಅವಳ ಕಣ್ಣು ತುಂಬಿ ಎಲೆಯೇ ಕಾಣದಾಯಿತು.

"ಅಳೋದು ಆಮೇಲೆ, ಮೊದ್ಲು ತುಪ್ಪ ಹಾಕು" ಎಂದಳು ದೊಡ್ಡತಾಯಮ್ಮ. ಎರಡು ದಿನದ ಹಸಿವಿತ್ತು, ಚೆನ್ನಾಗಿ ಉಂಡಳು.

"ದೊಡ್ಡತ್ತೆ, ದಸರಾ ಕಳೆದ ಮೇಲೆ ಹೊಸ ಫೌಂಡೇಶನ್ ಬರುತ್ತೆ. ಆಗ ಈ ನಡುಕ ಇರಲ್ಲ" ಎಂದಳು ಸುಷ್ಮಿತಾ.

"ಅದುನ್ನ ಮುಟ್ಟುದ್ರೆ ನೋಡು ಮತ್ತೆ!"

ಊಟವಾದ ಮೇಲೆ ದೊಡ್ಡತಾಯಮ್ಮ ಎದ್ದು ಮನೆ ನೋಡಲು ಹೊರಟಳು. ಅಡುಗೆಮನೆಯ ಕಟ್ಟೆ ಸವರಿದಳು, ನಲ್ಲಿ ತಿರುಗಿಸಿದಳು, ಕೋಣೆಗಳನ್ನು ಇಣುಕಿದಳು. ಹಿತ್ತಲಿಗೆ ಹೋದಳು, ಓಣಿಗೆ ಹೋದಳು, ಮತ್ತೆ ನಡುಮನೆಗೆ ಬಂದಳು. ಏನನ್ನೋ ಹುಡುಕುತ್ತಿದ್ದಳು.

"ಏನಕ್ಕ, ಏನು ಬೇಕು?"

"ಮಹಡಿ ಮೆಟ್ಲು ಎಲ್ಲೆ?"

"ಯಾವ ಮಹಡಿ? ಈ ಮನೆಗೆ ಮಹಡಿ ಎಲ್ಲದೆ?"

ದೊಡ್ಡತಾಯಮ್ಮ ಬಾಗಿಲ ಕಡೆ ನೋಡಿ, ಬೆಟ್ಟಯ್ಯ ಅಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು.

"ಊರಲ್ಲಿ ಎಲ್ಲರೂ ಕೇಳೋರು ಕಣೆ, ನಿನ್ ತಂಗಿ ಮನೆ ಎಂಗದೆ ಅಂತ. ನೋಡಿಲ್ಲ ಅನ್ನಕ್ಕೆ ನನ್ಗೆ ನಾಚ್ಕೆ. ನೋಡ್ದೋಳಂಗೆ ಹೇಳ್ಬುಡ್ತಿದ್ದೆ. ಮೊದ್ಲು ಒಂದು ಮಹಡಿ ಅಂದೆ. ಆಮೇಲೆ ಮಹಡೀಲಿ ಉಯ್ಯಾಲೆ ಅಂದೆ. ಹೋದ ವರ್ಷ ಉಯ್ಯಾಲೆಗೆ ಇತ್ತಾಳೆ ಸರಪಣೀನೂ ಹಾಕ್ಬುಟ್ಟಿವ್ನಿ."

ಮಾದೇವಮ್ಮ ಅಕ್ಕನ ಮುಖವನ್ನೇ ನೋಡಿದಳು. ಮದುವೆ ಮನೆಗಳಲ್ಲಿ ನೆಂಟರು ಹೊಟ್ಟೆಯುರಿ ಎಂದು ಪಿಸುಗುಟ್ಟುತ್ತಿದ್ದಾಗ, ಈ ಹೆಂಗಸು ಇಲವಾಲದಲ್ಲಿ ಕೂತು ತಂಗಿಯ ಮನೆಯನ್ನು ಮಾತಿನಲ್ಲೇ ಎತ್ತರಕ್ಕೆ ಕಟ್ಟುತ್ತಿದ್ದಳು. ಮಾದೇವಮ್ಮ ಅಳುತ್ತಲೂ ನಗುತ್ತಲೂ ಅಕ್ಕನನ್ನು ತಬ್ಬಿಕೊಂಡಳು. ಚಿಕ್ಕಂದಿನಲ್ಲಿ ಬಿಟ್ಟರೆ ಹಾಗೆ ತಬ್ಬಿಕೊಂಡದ್ದೇ ಇರಲಿಲ್ಲ.

"ಈಗೇನ್ ಮಾಡನ ಅಕ್ಕ?"

"ಏನ್ ಮಾಡೋದು? ಮಹಡಿ ಕಟ್ಸೋವರ್ಗೂ ಊರೋರ್ನ ಯಾರ್ನೂ ಕರೀಬ್ಯಾಡ. ನನ್ನೊಬ್ಳುನ್ನೇ ಕರಿ. ಬರೋ ವಾರಾನೂ ಕರಿ."

ಮಾದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ದಾರಿಗಿರಲಿ ಎಂದು ಒಬ್ಬಟ್ಟು ಕಟ್ಟಲು ಅಡುಗೆಮನೆಗೆ ಹೋದಳು.